ಗಾಡಿಯ ನೆತ್ತಿಗೆ ಎಣ್ಣೆ

ಫಟಫಟಿಯ ಹೊಟ್ಟೆ ಎಲ್ಲಿದೆ ಎಂದು ಅವ್ವನಿಗೆ ತೋರಿಸಿಕೊಟ್ಟವನು ನಾನು. ನೆತ್ತಿ ಎಲ್ಲಿದೆ ಎಂದು ತೋರಿಸಿಕೊಟ್ಟವನು ನನ್ನ ಅಣ್ಣ. ಆ ಅಣ್ಣ ಕಮಲಾಪುರದ ಇಳಿಜಾರಿನಲ್ಲಿ ಸತ್ತ. ಯಾಕೆ ಸತ್ತ ಎಂಬುದು ನನಗೆ ಗೊತ್ತಾಯಿತು. ಅವ್ವನಿಗೆ ಮಾತ್ರ ಅದು ಗೊತ್ತಾಗಕೂಡದು ಎಂದು ನಾನು ಹಟ ಹಿಡಿದೆ. ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಆ ಒಂದು ಹಟದ ಸುತ್ತಲೇ ನಡೆಯಿತು.

ಅವು ನಿಜಾಮರ ದಿನಗಳು. ಕಚೇರಿಯ ಕಾಗದ ಉರ್ದುವಿನಲ್ಲಿ, ವಾರದ ರಜೆ ಶುಕ್ರವಾರ, ಊರಿನ ಹೆಸರು ಸರ್ಕಾರಕ್ಕೆ ಗುಲ್ಬರ್ಗಾ, ನಮಗೆ ಕಲಬುರಗಿ. ನಾನು ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಅವನ ಅಂಗಡಿಯನ್ನು ಅಣ್ಣ ನಡೆಸುತ್ತಿದ್ದ. ಬಂಡಿಯ ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿ, ಅಚ್ಚು, ಹಗ್ಗ, ಕೀಲೆಣ್ಣೆ ಮಾರುವ ಅಂಗಡಿ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಎತ್ತಿನ ಬಂಡಿಯನ್ನು ನಂಬಿ ಹೊಟ್ಟೆ ಹೊರೆಯುವವರ ಮನೆಗೆ ಫಟಫಟಿ ಬಂತಲ್ಲ ಎಂದು ಓಣಿಯವರು ನಕ್ಕರು. ಅಣ್ಣನೂ ಅವರ ಜೊತೆ ಸೇರಿ ನಕ್ಕ. ಅವನು ಎಲ್ಲದಕ್ಕೂ ನಗುವವನು, ನಾನು ಎಲ್ಲದಕ್ಕೂ ಸಿಡುಕುವವನು. ಒಂದೇ ತಾಯಿಯ ಮಕ್ಕಳೆಂದು ಹೇಳಿದರೆ ಜನ ನಂಬುತ್ತಿರಲಿಲ್ಲ.

ಗಾಡಿ ನಮಗೆ ಸಿಕ್ಕದ್ದು ವಿಲಾಯತಿಗೆ ವಾಪಸ್ಸು ಹೊರಟಿದ್ದ ಒಬ್ಬ ರೈಲ್ವೆ ಸಾಹೇಬನಿಂದ. ಒಂದೇ ಸಿಲಿಂಡರಿನ, ಉದ್ದ ಟ್ಯಾಂಕಿನ ಮೋಟಾರ್ ಸೈಕಲ್. ಸಾಹೇಬ ಅದನ್ನು ಮಳೆಗಾಲವಿಡೀ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹಾಳುಗೆಡವಿದ್ದ. ನಾನು ಅದನ್ನು ಪಡಸಾಲೆಯಲ್ಲಿ ಬಿಚ್ಚಿ, ಗೋಣಿತಟ್ಟಿನ ಮೇಲೆ ಒಂದೊಂದೇ ತುಂಡು ಜೋಡಿಸಿ ಇಟ್ಟೆ. ಅವ್ವ ನೀರು ತರಲು ಹೋಗುವಾಗ ಸೀರೆಯ ನಿರಿಗೆ ಎತ್ತಿ ಹಿಡಿದು, ಅವುಗಳ ನಡುವೆ ಹುಷಾರಾಗಿ ಹೆಜ್ಜೆ ಇಡುತ್ತಿದ್ದಳು. ಒಂದು ತುಂಡನ್ನೂ ಒದ್ದವಳಲ್ಲ. ಮೊದಲ ಸಲ ಇಂಜಿನ್ ಹತ್ತಿಕೊಂಡಾಗ ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅಣ್ಣ ಅದನ್ನು ಹಿಡಿದು ತರಲು ಅದೇ ಫಟಫಟಿಯ ಮೇಲೆ ಹೋದ, ಎಮ್ಮೆ ಇನ್ನೂ ದೂರ ಓಡಿತು.

ಮೊದಮೊದಲು ಅವನು ಕಪನೂರಿನವರೆಗೆ ಹೋಗಿಬರುತ್ತಿದ್ದ. ಆಗ ಕಪನೂರೆಂದರೆ ಜೋಳದ ಹೊಲಗಳ ನಡುವಿನ ಹಳ್ಳಿ. ಈಗಿನ ಕಾರ್ಖಾನೆಗಳು ಅಲ್ಲಿ ಏಳುತ್ತವೆಂದು ಹೇಳಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಆ ರಸ್ತೆಯಲ್ಲೇ ಅವನಿಗೆ ಉಳಿದ ಫಟಫಟಿಯವರು ಗಂಟುಬಿದ್ದರು: ಒಬ್ಬ ವಕೀಲ, ಅಧಿಕಾರಿಗಳ ಮನೆಯ ಒಂದಿಬ್ಬರು, ಗಿರಣಿಯ ಒಬ್ಬ ಇಂಜಿನಿಯರ್. ಮಳೆ ಮುಗಿದು, ರಸ್ತೆಗೆ ಹಾಸಿದ ಮುರುಮಿನ ಧೂಳು ಇನ್ನೂ ಏಳದ ದಿನಗಳಲ್ಲಿ, ವರ್ಷಕ್ಕೊಂದು ಶುಕ್ರವಾರ ಬೆಳಗ್ಗೆ, ಕಪನೂರಿನಿಂದ ಕಮಲಾಪುರದವರೆಗೆ ಅವರ ಪಂದ್ಯ ನಡೆಯುತ್ತಿತ್ತು. ಸರ್ಕಾರದ ಪಂದ್ಯವಲ್ಲ, ಅವರವರ ಖುಷಿಯದು. ಗೆದ್ದವನಿಗೆ ಕಮಲಾಪುರದ ತೋಟದವರು ಒಂದು ಗೊನೆ ಕೆಂಪು ಬಾಳೆಹಣ್ಣು ಕೊಡುತ್ತಿದ್ದರು. ಅದನ್ನು ಟ್ಯಾಂಕಿಗೆ ಕಟ್ಟಿಕೊಂಡು ಬಜಾರಿನಲ್ಲಿ ನಿಧಾನಕ್ಕೆ ಬರುವುದೇ ದೊಡ್ಡಸ್ತಿಕೆ. ಅಲ್ಲಿಯವರೆಗೆ ನಡೆದ ಎರಡು ಸಲವೂ ಅದನ್ನು ಕಟ್ಟಿಕೊಂಡು ಬಂದವನು ವಕೀಲ. ನನ್ನ ಅಣ್ಣ ಅವನ ಹಿಂದೆಯೇ ಖಾಲಿ ಟ್ಯಾಂಕಿನಲ್ಲಿ ಬಂದ.

ಅಣ್ಣನಿಗೆ ಅದರಿಂದ ಬೇಜಾರಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ವಕೀಲ ತನ್ನ ಗಾಡಿಯ ಸರಪಳಿಯನ್ನು ಕೈಯಿಂದ ಮುಟ್ಟಿದವನಲ್ಲ. ಹೈದರಾಬಾದಿನಿಂದ ಮಿಸ್ತ್ರಿಯನ್ನು ಕರೆಸಿ ಮಾಡಿಸುತ್ತಿದ್ದ. ಗಾಡಿ ಕೊಳ್ಳುವವರು ಬೇಕಾದಷ್ಟು ಜನ, ತೊಳೆಯುವವರು ಎಲ್ಲಿದ್ದಾರೆ? ನಾನು ಒಂದು ಪಂದ್ಯದಿಂದ ಇನ್ನೊಂದು ಪಂದ್ಯದವರೆಗೆ ಪ್ರತಿ ಶುಕ್ರವಾರವನ್ನೂ ಆ ಗಾಡಿಗೆ ಮುಡಿಪಾಗಿಟ್ಟೆ. ಸರಪಳಿ ಬಿಚ್ಚಿ ಗ್ಯಾಸೆಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ನೆನೆಹಾಕುವುದು, ಕೊಂಡಿ ಕೊಂಡಿಯಲ್ಲೂ ಸೇರಿಕೊಂಡ ಮುರುಮಿನ ಹಿಟ್ಟನ್ನು ಕುಂಚದಿಂದ ತೆಗೆಯುವುದು. ಗಿರಣಿಯಲ್ಲಾದರೆ ಸರಪಳಿಯನ್ನು ಕೊಬ್ಬಿನಲ್ಲಿ ಕುದಿಸುತ್ತಿದ್ದರು. ನಮ್ಮದು ಲಿಂಗವಂತರ ಮನೆ, ಕೊಬ್ಬಿನ ಡಬ್ಬಿ ಹೊಸಿಲು ದಾಟುವ ಹಾಗಿರಲಿಲ್ಲ, ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ದೀಪದ ಕಾಡಿಗೆ ಕಲಸಿ ಹಚ್ಚುತ್ತಿದ್ದೆ. ಸಿಲಿಂಡರ್ ತಲೆ ಬಿಚ್ಚಿ ಪಿಸ್ಟನ್ನಿನ ಮೇಲೆ ಕಟ್ಟಿದ ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆಯುತ್ತಿದ್ದೆ. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು, ಯಾವುದು ಮಂಕಾಗಿ ಸದ್ದು ಮಾಡುತ್ತದೋ ಅದನ್ನು ಬಿಗಿ ಮಾಡುತ್ತಿದ್ದೆ.

ಎಲ್ಲಕ್ಕಿಂತ ಮೊದಲು ಮಾಡುತ್ತಿದ್ದದ್ದು ಹಿಡಿಕೆಯ ತಂತಿ. ಬಲಗೈ ಹಿಡಿಕೆ ತಿರುವಿದರೆ ಈ ತಂತಿ ಎಳೆಯುತ್ತದೆ, ಇಂಜಿನ್ನಿಗೆ ಪೆಟ್ರೋಲು-ಗಾಳಿ ಬಿಡುವ ಕಾರ್ಬ್ಯುರೇಟರಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ಬಾಗಿಲು ಮೇಲೇಳುತ್ತದೆ, ಗಾಡಿ ಜೋರಾಗುತ್ತದೆ. ಹಿಡಿಕೆ ಬಿಟ್ಟರೆ ಸ್ಪ್ರಿಂಗು ಆ ಬಾಗಿಲನ್ನು ಕೆಳಗೆ ತಳ್ಳುತ್ತದೆ, ಗಾಡಿ ತಗ್ಗುತ್ತದೆ. ನಾನು ತಂತಿಯನ್ನು ಅದರ ಕೊಳವೆಯಿಂದ ಪೂರ್ತಿ ಹೊರಗೆಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಮತ್ತೆ ಸೇರಿಸುತ್ತಿದ್ದೆ. ಮೇಲಿನಿಂದ ಶುರು ಮಾಡಿ ಕೆಳಕ್ಕೆ ಇಳಿಯುವುದು ನಮ್ಮ ಗಿರಣಿಯ ಪದ್ಧತಿ. ಮುಗಿದ ಕಡೆ ಮತ್ತೆ ಕೈ ಹಾಕುವ ಹಾಗಿಲ್ಲ. ಹಾಕಿದರೆ ಫೋರ್‌ಮನ್ ಬೆರಳ ಮೇಲೆ ಹೊಡೆಯುತ್ತಿದ್ದ.

ಇಂಜಿನ್ನಿಗೆ ಹಾಕುವ ಎಣ್ಣೆಯ ವಿಷಯದಲ್ಲಿ ನಾನು ಹುಚ್ಚನೇ ಆಗಿದ್ದೆ. ಪಂದ್ಯದ ಗಾಡಿಗೆ ಔಡಲೆಣ್ಣೆಯಷ್ಟು ಒಳ್ಳೆಯದು ಯಾವುದೂ ಇಲ್ಲ. ವಿಲಾಯತಿಯಲ್ಲೂ ಅದನ್ನೇ ಹಾಕುತ್ತಾರೆಂದು ಸಾಹೇಬ ಹೇಳಿದ್ದ. ಗಾಣದಿಂದ ತಂದು, ಬಿಸಿಲಿಗಿಟ್ಟು, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಶೀಶೆಗೆ ತುಂಬಿ ಗೂಡಿನಲ್ಲಿ ಇಡುತ್ತಿದ್ದೆ. ಒಮ್ಮೆ ಅವ್ವ ಅದರಿಂದ ಎರಡು ಹನಿ ದೀಪಕ್ಕೆ ಹಾಕಿದಾಗ ಮನೆ ಹಾರಿಹೋಗುವಂತೆ ಕೂಗಾಡಿದೆ. ಅವಳು ಸಿಟ್ಟಾಗಲಿಲ್ಲ. "ಅದು ಎಲ್ಲಿಗಿ ಹೋಗ್ತದೋ, ತೋರ್ಸು," ಅಂದಳು. ಎಣ್ಣೆಯ ಬಿರಡೆ ತೆಗೆದು ತೋರಿಸಿದೆ. "ಇದು ಅದರ ಹೊಟ್ಟಿ. ಇದರಾಗ ನಾ ಹಾಕಿದ್ದು ಬಿಟ್ಟು ಬ್ಯಾರೆ ಒಂದು ಹನಿ ಬೀಳಬಾರ್ದು." ಅವಳು ಬಗ್ಗಿ ನೋಡಿ, ತಲೆದೂಗಿ, ಅಡಿಗೆಮನೆಗೆ ಹೋದಳು. ಮಾತು ಕೊಟ್ಟರೆ ಮುರಿಯುವವಳಲ್ಲ ನಮ್ಮವ್ವ.

ಆ ವರ್ಷದ ಪಂದ್ಯ ದೀವಳಿಗೆಯಾದ ಮೇಲೆ ಇತ್ತು. ಹಬ್ಬದ ಹೊತ್ತಿಗೆ ತಂತಿ, ಕಾರ್ಬ್ಯುರೇಟರು, ಸಿಲಿಂಡರು ಎಲ್ಲ ಮುಗಿಸಿ ಗಾಲಿಗಳಿಗೆ ಬಂದಿದ್ದೆ. ಹಿಂದಿನ ಟೈರು ಸವೆದಿತ್ತು. ಸೊಲ್ಲಾಪುರದಲ್ಲಿ ಒಂದು ಇದೆಯೆಂದು ಗೊತ್ತಾಗಿ ಹಬ್ಬದ ಹಿಂದಿನ ದಿನ ರೈಲು ಹತ್ತಿದೆ. ಎಣ್ಣೆ-ನೀರಿನ ದಿನ ನಾನು ಮನೆಯಲ್ಲಿರಲಿಲ್ಲ. ಮಕ್ಕಳು ಎಷ್ಟೇ ದೊಡ್ಡವರಾಗಿರಲಿ, ಆ ದಿನ ಅವ್ವ ಮಣೆಯ ಮೇಲೆ ಕೂಡಿಸಿ ನೆತ್ತಿಗೆ ಎಣ್ಣೆ ಒತ್ತಲೇಬೇಕು, ಆರತಿ ಬೆಳಗಲೇಬೇಕು. ನಾನು ತಪ್ಪಿಸಿಕೊಂಡೆನೆಂದು ಅವಳಿಗೆ ಕೋಪ ಬಂದಿತ್ತಂತೆ. ಟೈರು ಹೆಗಲಿಗೆ ಹಾಕಿಕೊಂಡು ವಾಪಸು ಬಂದಾಗ ಗಾಡಿಯ ಹ್ಯಾಂಡಲಿನ ಮೇಲೂ ಟ್ಯಾಂಕಿನ ಮೇಲೂ ವಿಭೂತಿ, ಕುಂಕುಮ, ಜಿಡ್ಡು ಕಂಡಿತು. ಹಬ್ಬಕ್ಕೆ ಪೂಜೆ ಮಾಡಿದ್ದಾರೆ, ಸರಿ ಎಂದು ಅರಿವೆ ತಗೊಂಡು ಹೊಳೆಯುವ ಹಾಗೆ ಒರೆಸಿದೆ. ಹಿಡಿಕೆ ತಿರುವಿ ಬಿಟ್ಟು ನೋಡಿದೆ. ಬೆಣ್ಣೆಯ ಹಾಗೆ ಜಾರಿತು. ನನ್ನ ಕೈಗುಣವೇ ಗುಣ ಎಂದು ಹಿಗ್ಗಿದೆ.

ಇದನ್ನು ನನ್ನ ತಪ್ಪು ಎಂದು ನಾನು ಒಪ್ಪುವುದಿಲ್ಲ. ಊರೆಲ್ಲ ಹೇಳಿದಾಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒರೆಸುವಷ್ಟು ಒರೆಸಿದೆ, ನೋಡುವಷ್ಟು ನೋಡಿದೆ. ಒಳಗೆ ಇಳಿದುಹೋದದ್ದು ಮೇಲೆ ಒರೆಸುವವನಿಗೆ ಹೇಗೆ ಕಾಣಬೇಕು?

ಪಂದ್ಯದ ಹಿಂದಿನ ದಿನವೇ ನಾನು ಟ್ಯೂಬು, ಪಾನಾ, ಪ್ಲಗ್ಗು ಕಟ್ಟಿಕೊಂಡು ಮೋಟಾರಿನಲ್ಲಿ ಕಮಲಾಪುರಕ್ಕೆ ಹೋದೆ. ಹೊರಡುವಾಗ ಅಣ್ಣನಿಗೆ, "ಈ ಸಲ ಗೊನಿ ಇಲ್ದ ಮನಿಗಿ ಬಂದ್ರ ಗಾಡಿ ಮುಟ್ಟಾಂವಲ್ಲ ನಾ," ಅಂದೆ. ಅವನು, "ಗೊನಿ ನಿನಗ, ಸಿಪ್ಪಿ ವಕೀಲರಿಗಿ," ಎಂದು ನಕ್ಕ. ಅತ್ತಿಗೆ ಬಾಗಿಲಲ್ಲಿ ನಿಂತು, ಇಳಿಜಾರಿನಲ್ಲಿ ನಿಧಾನ ಹೋಗಬೇಕೆಂದು ಅವನಿಂದ ಆಣೆ ಹಾಕಿಸಿಕೊಳ್ಳುತ್ತಿದ್ದಳು. ಅವನು ಹಾಕಿದ. ಅದಕ್ಕೆ ಅವನು ಆಣೆ ಹಾಕಬೇಕಾದ್ದೇ ಇರಲಿಲ್ಲ. ಆ ಇಳಿಜಾರಿನಲ್ಲಿ ಎಲ್ಲರಿಗಿಂತ ಮೊದಲು ಗಾಡಿ ತಗ್ಗಿಸುವವನೇ ಅವನು. ವಕೀಲ ಎರಡು ಸಲ ಗೆದ್ದದ್ದೂ ಅದರಿಂದಲೇ.

ಆ ರಸ್ತೆ ಬಲ್ಲವರಿಗೆ ಗೊತ್ತು. ಕರಿಮಣ್ಣಿನ ಹೊಲಗಳು ಮುಗಿದು, ಕಮಲಾಪುರ ಬರುವ ಮುಂಚೆ ಒಂದು ದಿಬ್ಬ. ದಿಬ್ಬಕ್ಕೆ ಬರುವ ಹಾದಿ ನೆಟ್ಟಗೆ, ಚೊಕ್ಕ. ಪಂದ್ಯದಲ್ಲಿ ಹಿಡಿಕೆಯನ್ನು ಪೂರ್ತಿ ತಿರುವಬಹುದಾದ ಜಾಗ ಅದೊಂದೇ. ಉಳಿದ ಹಾದಿಯಲ್ಲಿ ಬಂಡಿಯ ಜಾಡು, ಕುರಿ, ದನ, ಅರ್ಧಕ್ಕಿಂತ ಹೆಚ್ಚು ತಿರುವುವ ಹಾಗಿರಲಿಲ್ಲ. ದಿಬ್ಬದ ಮೇಲೆ ಬಂದ ಕೂಡಲೇ ತಗ್ಗಿಸಬೇಕು. ಯಾಕೆಂದರೆ ಅಲ್ಲಿಂದ ರಸ್ತೆ ಕೆಂಪು ಮಣ್ಣಿನಲ್ಲಿ ಇಳಿದು, ತಳದಲ್ಲಿ ಒಂದು ಕಲ್ಲಿನ ಮೋರಿಯ ಹತ್ತಿರ ಗಕ್ಕನೆ ಎಡಕ್ಕೆ ತಿರುಗುತ್ತದೆ, ಇಂಜಿನ್ ತಗ್ಗಿಸದೆ ಬರೀ ಬ್ರೇಕಿನಿಂದ ಆ ತಿರುವು ಆಗುವುದಿಲ್ಲ.

ಬೆಳಗ್ಗೆ ನಾನು ತೋಟದವರ ಜೊತೆ ಊರಬಾಗಿಲ ಹುಣಸೆಮರದ ಕೆಳಗೆ ನಿಂತಿದ್ದೆ. ಗೊನೆಯನ್ನು ಮರದ ಕೊಂಬೆಗೆ ಕಟ್ಟಿದ್ದರು. ಅಲ್ಲಿಂದ ದಿಬ್ಬ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಒಂದು ಗಾಡಿ. ಒಂದೇ ಗಾಡಿ, ಹಿಂದೆ ಯಾವುದರ ಸದ್ದೂ ಇಲ್ಲ. ನಮ್ಮದು. ಆ ಇಂಜಿನ್ನಿನ ಬಡಿತ ನನಗೆ ನನ್ನ ಎದೆಯ ಬಡಿತದಷ್ಟೇ ಪರಿಚಯ. ಖುಷಿಯಿಂದ ಪಕ್ಕದವನ ಬೆನ್ನಿಗೆ ಗುದ್ದಿದೆ. ಸದ್ದು ದಿಬ್ಬದ ಮೇಲೆ ಬಂತು. ಅಲ್ಲಿ ತಗ್ಗಬೇಕು.

ತಗ್ಗಲಿಲ್ಲ.

"ಶಾಬಾಷ್! ಬಿಡವಲ್ಲ ನೋಡ್ರಿ ಅಂವ!" ಎಂದು ತೋಟದವರು ಕುಣಿದರು. ಒಬ್ಬ ರುಮಾಲು ಬಿಚ್ಚಿ ಬೀಸಿದ. ಇಳಿಜಾರಿನಲ್ಲಿ ಸದ್ದು ಇನ್ನೂ ಏರಿತು. ಅದು ಧೈರ್ಯವಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಅಣ್ಣ ನಗುವವನೇ ಹೊರತು ಹುಚ್ಚನಲ್ಲ. ನಾನು ಓಡಲು ಶುರು ಮಾಡಿದೆ. ಹಿಂದಿನವರು ಇನ್ನೂ ಕೇಕೆ ಹಾಕುತ್ತಿದ್ದರು. ನಾನು ಓಡುತ್ತಿರುವಾಗಲೇ ಸದ್ದು ನಿಂತಿತು.

ಗಾಡಿ ಮೋರಿಯ ಈಚೆ ಬಿದ್ದಿತ್ತು, ಅಣ್ಣ ಆಚೆ. ಅವನ ಮುಖಕ್ಕೆ ಏನೂ ಆಗಿರಲಿಲ್ಲ. ಕುತ್ತಿಗೆಯೂ ಒಂದು ಕಾಲೂ ಆಗಬಾರದ ಕಡೆಗೆ ತಿರುಗಿದ್ದವು. ಬಲ ಅಂಗೈಯ ಚರ್ಮ ಕಿತ್ತುಬಂದಿತ್ತು. ಗಾಡಿಯ ಬಲಹಿಡಿಕೆ ನೋಡಿದೆ. ಪೂರ್ತಿ ಮುಚ್ಚುವ ಕಡೆಗೆ ತಿರುಗಿತ್ತು, ರಬ್ಬರು ಹಿಂಡಿ ಹರಿದಿತ್ತು. ಎಡಗಡೆ ಇಂಜಿನ್ ನಿಲ್ಲಿಸುವ ಒಂದು ಸಣ್ಣ ಲಿವರು ಇರುತ್ತದೆ, ಅದೂ ಬಾಗಿತ್ತು. ಬಿದ್ದು ಬಾಗಿತೋ, ಅವನ ಬೆರಳು ಅಲ್ಲಿಯವರೆಗೆ ಹೋಗಿತ್ತೋ, ಎಷ್ಟು ಸಲ ಯೋಚಿಸಿದರೂ ನನಗೆ ಇಂದಿಗೂ ತಿಳಿದಿಲ್ಲ. ತಿಳಿದು ಏನಾಗಬೇಕು?

ಉಳಿದವರು ಒಬ್ಬೊಬ್ಬರಾಗಿ ಬಂದು ನಿಂತರು. ವಕೀಲ ಕನ್ನಡಕ ತೆಗೆದು, ಗಾಡಿಯನ್ನು ನೋಡಿ, ನನ್ನನ್ನು ನೋಡಿ, "ಮಷೀನ್ ನೋಡ್ಕೋತಿದ್ದಾಂವ ನೀನೇ ಅಲ್ಲೇನು?" ಎಂದ. ಅಷ್ಟೇ ಹೇಳಿದ. ಅವನು ಕೆಟ್ಟವನಿರಲಿಲ್ಲ, ಹೆಣ ಸಾಗಿಸಲು ಬಂಡಿ ಹುಡುಕಿ ತಂದವನೂ ಅವನೇ. ಆದರೆ ಆ ಒಂದು ಮಾತು ಬಂಡಿಗಿಂತ ಮೊದಲು ಕಲಬುರಗಿ ಸೇರಿತು. ತೋಟದವರು ಆ ಗೊನೆಯನ್ನು ಮರದಿಂದ ಬಿಚ್ಚಿ ಬಂಡಿಯಲ್ಲಿ ಅಣ್ಣನ ಕಾಲ ಹತ್ತಿರ ಇಟ್ಟರು. ಮೊದಲು ಬಂದವನದು ಅದು ಎಂದು ಅವರ ಲೆಕ್ಕ. ಅದರ ಪಕ್ಕದಲ್ಲೇ ನಾನೂ ಹತ್ತಿ ಕೂತೆ.

ಬಂಡಿ ಮನೆ ಮುಂದೆ ನಿಂತಾಗ ಅವ್ವ ಹೊರಗೆ ಬಂದಳು. ಅಣ್ಣನ ತಲೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ನೋಡಿ ಬಿಟ್ಟಿದ್ದಿ," ಅಂದಳು. "ನೀ ನೋಡಿ ಬಿಟ್ಟಿದ್ದಿ." ಅಳದೆ, ಕೂಗದೆ, ಅದೊಂದೇ ಮಾತನ್ನು ಸಾಕಾಗುವವರೆಗೆ ಹೇಳಿದಳು. ಓಣಿಯವರೆಲ್ಲ ಕೇಳಿಸಿಕೊಂಡರು. ನಮ್ಮಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂಡಿಸಿ ಮಣ್ಣು ಕೊಡುವುದು. ಅಣ್ಣನ ಮುರಿದ ಕಾಲು ಮಡಚಲೊಲ್ಲದು. ಅಯ್ಯನವರು ಮಂತ್ರ ಹೇಳುತ್ತಲೇ ಬಿಳಿ ಬಟ್ಟೆಯಿಂದ ಅದನ್ನು ಸೊಂಟಕ್ಕೆ ಕಟ್ಟಿದರು. ಹಿಡಿದುಕೊಂಡವನು ನಾನು. ಎಡ ಅಂಗೈಯಲ್ಲಿ ಲಿಂಗ ಇಡುವಾಗ ಚರ್ಮ ಕಿತ್ತ ಬಲಗೈಯನ್ನು ಅವರು ನೋಡಿ, ಅದಕ್ಕೂ ವಿಭೂತಿ ಹಚ್ಚಿದರು. ಗೊನೆ ಪಡಸಾಲೆಯ ಮೂಲೆಯಲ್ಲೇ ಹಣ್ಣಾಯಿತು. ಅದರ ವಾಸನೆ ಮನೆಯಲ್ಲೆಲ್ಲ ತುಂಬಿಕೊಂಡಿತು. ಯಾರೂ ಮುಟ್ಟಲಿಲ್ಲ, ಕಡೆಗೆ ಅತ್ತಿಗೆ ಅದನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿ ಬಂದಳು.

ನಟ್ಟು ಸಡಿಲ ಬಿಟ್ಟನಂತೆ, ಬ್ರೇಕು ಕಟ್ಟಲಿಲ್ಲವಂತೆ, ತಮ್ಮನ ಕೈಯಿಂದಲೇ ಅಣ್ಣ ಸತ್ತನಂತೆ. ಇಂಥ ಮಾತು ಬಜಾರಿನಲ್ಲೂ ಗಿರಣಿಯಲ್ಲೂ ಓಡಾಡಿತು. ನಾನು ಸುಮ್ಮನಿರುವವನಲ್ಲ. ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ನನ್ನ ಒಂದು ನಟ್ಟೂ ಸಡಿಲವಿರಲಿಲ್ಲ ಎಂದು ಚಹಾದ ಅಂಗಡಿಯಲ್ಲಿ ನಿಂತು ಕೂಗಿದೆ. ಅದನ್ನು ತೋರಿಸಿಕೊಡಬೇಕೆಂದೇ, ದಿನಕರ್ಮ ಮುಗಿದ ಮೇಲೆ, ಬೈಲಿನ ಚಪ್ಪರದಲ್ಲಿ ಬಿದ್ದಿದ್ದ ಗಾಡಿಯನ್ನು ಬಿಚ್ಚಲು ಕೂತೆ.

ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಕಾರ್ಬ್ಯುರೇಟರಿನ ಮುಚ್ಚಳ ತಿರುವಿ, ಹಿತ್ತಾಳೆಯ ಬಾಗಿಲನ್ನು ಹೊರಗೆಳೆಯಲು ಹೋದೆ. ಬರಲಿಲ್ಲ. ಪೂರ್ತಿ ಮೇಲೆದ್ದು, ಕೊಳವೆಯ ಮೇಲ್ಭಾಗಕ್ಕೆ ಕಚ್ಚಿಕೊಂಡು ನಿಂತಿತ್ತು. ಸ್ಪ್ರಿಂಗು ತಳ್ಳುತ್ತಲೇ ಇತ್ತು, ಅದು ಕದಲುತ್ತಿರಲಿಲ್ಲ. ಮರದ ತುಂಡಿನಿಂದ ಬಡಿದು ತೆಗೆದೆ. ಸುತ್ತಲೂ ಹಳದಿ ಬಣ್ಣದ, ಪಾರಿವಾಳದ ಗರಿಯಷ್ಟು ತೆಳ್ಳಗಿನ ಅಂಟು. ಔಡಲೆಣ್ಣೆ ಹಾಗೆ ಅಂಟುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯೂ ಅಲ್ಲ. ಗ್ಯಾಸೆಣ್ಣೆಗೆ ಅದು ಬಿಡಲಿಲ್ಲ. ಉಗುರಿನಿಂದ ಕೆರೆದೆ, ಸುರುಳಿಯಾಗಿ ಎದ್ದುಬಂತು. ಆ ಸುರುಳಿಯನ್ನು ನಾನು ಎಲ್ಲೋ ನೋಡಿದ್ದೆ.

ಎದ್ದು ಅಡಿಗೆಮನೆಗೆ ಹೋದೆ. ಒಲೆಯ ಪಕ್ಕದ ಗೂಡಿನಲ್ಲಿ ಕುಸುಬಿ ಎಣ್ಣೆಯ ಗಿಂಡಿ ಇತ್ತು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ರೊಟ್ಟಿ, ಹಿಂಡಿ ಎನ್ನುವ ಚಟ್ನಿಪುಡಿ, ಮೇಲೆ ಹಸಿ ಕುಸುಬಿ ಎಣ್ಣೆ ಇಲ್ಲದೆ ಊಟವೇ ಇಲ್ಲ. ಆ ಗಿಂಡಿಯ ಕುತ್ತಿಗೆಯಲ್ಲಿ ಎಣ್ಣೆ ಇಳಿದು, ಒಲೆಯ ಕಾವಿಗೆ ಒಣಗಿ, ಹಳದಿಯಾಗಿ ಕಟ್ಟಿರುತ್ತದೆ. ಹೆಂಗಸರು ಅದನ್ನು ಚಾಕುವಿನಿಂದ ಕೆರೆದು, ಬೂದಿ ಹಾಕಿ ತಿಕ್ಕುತ್ತಾರೆ. ಉಗುರು ಹಾಕಿದೆ. ಅದೇ ಸುರುಳಿ, ಅದೇ ವಾಸನೆ.

ಅತ್ತಿಗೆ ಒಳಗೆ ಬಂದಳು. ಗಾಡಿಗೆ ಹಬ್ಬದ ದಿನ ಏನು ಮಾಡಿದಿರಿ ಎಂದು ಕೇಳಿದೆ. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಅಣ್ಣನ ಸುದ್ದಿ ಎತ್ತಿದೆನಲ್ಲ ಎಂದು ಮುಖ ಅರಳಿಸಿಕೊಂಡೇ ಹೇಳಿದಳು. "ಅತ್ತಿ ಅವರಿಗಿ ಎಣ್ಣಿ ಹಚ್ಚಿದ್ರು. ಆಮ್ಯಾಲ, ಇದೂ ನನ್ ಮಗನ್ನ ಹೊತ್ಕೊಂಡು ಹೋಗ್ತದ, ಇದಕ್ಕೂ ಎರಿಬೇಕು ಅಂದ್ರು. ಹೊಟ್ಟ್ಯಾಗ ಬ್ಯಾರೆ ಎಣ್ಣಿ ಬೀಳಬಾರ್ದು ಅಂತ ತಮ್ಮ ಹೇಳ್ಯಾನ, ನೆತ್ತಿ ಎಲ್ಲದ ತೋರ್ಸು ಅಂದ್ರು. ಇವ್ರು ನಕ್ಕೋತ ಹ್ಯಾಂಡಲ್ ಮ್ಯಾಲ, ತಂತಿ ಒಳಗ ಹೋಗೋ ಜಾಗಾ ತೋರ್ಸಿದ್ರು. ಅತ್ತಿ ಗಿಂಡಿಲೆ ಹಾಕಿದ್ರು. ಕುಡೀತದ ನೋಡು, ಎಲ್ಲಾ ಕುಡೀತು ಅಂತ ಎಷ್ಟು ಖುಷಿ ಅತ್ತಿಯವರಿಗಿ."

ತಂತಿಯ ಕೊಳವೆಯೊಳಗೆ ಇಳಿದು, ಕಾರ್ಬ್ಯುರೇಟರಿನ ಮೇಲುಗಡೆ ಕೂತು, ಹಬ್ಬದಿಂದ ಪಂದ್ಯದವರೆಗೆ ಇಂಜಿನ್ನಿನ ಕಾವಿಗೆ ನಿಧಾನವಾಗಿ ಒಣಗಿತ್ತು ಆ ಎಣ್ಣೆ. ಅರ್ಧ ತಿರುವಿದರೆ ಬಾಗಿಲು ಅಲ್ಲಿಯವರೆಗೆ ಏರುವುದೇ ಇಲ್ಲ. ಪೂರ್ತಿ ತಿರುವಿದರೆ ಮಾತ್ರ ಏರಿ ಕಚ್ಚಿಕೊಳ್ಳುತ್ತದೆ. ಅವನು ಪೂರ್ತಿ ತಿರುವಿದ್ದು ದಿಬ್ಬದ ಹಾದಿಯಲ್ಲಿ.

ಹಿತ್ತಾಳೆಯ ತುಂಡು ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ಹೋದೆ. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ನೆರಳು ಕಂಡು ಮುಖ ತಿರುಗಿಸಿದಳು. ಬಂಡಿ ಬಂದ ದಿನದಿಂದ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ. ಮುಷ್ಟಿ ಬಿಚ್ಚಿ ಆ ಮೊರದೊಳಗೆ ಅದನ್ನು ಎಸೆಯಬೇಕು, 'ನಾ ಅಲ್ಲ, ನೀ' ಎಂದು ಕಿರುಚಬೇಕು ಅನಿಸಿತು. ಮಾತು ತುಟಿಯವರೆಗೆ ಬಂದಿತ್ತು. ಮೊರದಲ್ಲಿದ್ದ ಬೇಳೆ ನೋಡಿದೆ. ನಾಲ್ಕು ಜನಕ್ಕೆ ಆಗುವಷ್ಟಿತ್ತು. ಮನೆಯಲ್ಲಿ ಮೂವರೇ ಉಳಿದಿದ್ದೇವೆಂದು ಅವಳ ಕೈಗೆ ಇನ್ನೂ ತಿಳಿದಿರಲಿಲ್ಲ. ನಾನು ವಾಪಸು ಬಂದು, ಆ ಹಿತ್ತಾಳೆಯನ್ನು ಇಟ್ಟಿಗೆ ಪುಡಿಯಿಂದ ಹೊಳೆಯುವವರೆಗೆ ತಿಕ್ಕಿ, ಇದ್ದ ಜಾಗದಲ್ಲಿ ಸೇರಿಸಿಬಿಟ್ಟೆ. ಕೆಲವು ದಿನಗಳಾದ ಮೇಲೆ ಗಾಡಿಯನ್ನು ಹಳೇ ಕಬ್ಬಿಣ ಕೊಳ್ಳುವ ಮೋಡಕಾದವನಿಗೆ ಕೊಟ್ಟುಬಿಟ್ಟೆವು.

ಆಮೇಲೆ ಯಾರೂ ನನ್ನ ಕೈಗೆ ಗಾಡಿ ಕೊಡಲಿಲ್ಲ. ಬೈಸಿಕಲ್ಲಿನ ಪಂಕ್ಚರನ್ನೂ ನನ್ನಿಂದ ಮಾಡಿಸಲು ಓಣಿಯವರು ಹಿಂದೆ ಮುಂದೆ ನೋಡುತ್ತಿದ್ದರು. ಅಂಗಡಿಯನ್ನೂ ಗಿರಣಿಯನ್ನೂ ಹೇಗೋ ಸಂಭಾಳಿಸಿದೆ. ಅವ್ವ ಮತ್ತೆ ಮಾತು ಶುರು ಮಾಡಿದಳು, ಆದರೆ ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. ನನ್ನ ತಾಟಿಗೆ ಬಡಿಸುತ್ತಿರಲಿಲ್ಲ, ಅತ್ತಿಗೆ ಬಡಿಸುತ್ತಿದ್ದಳು. ಅವಳು ಗಿಂಡಿ ತಂದಾಗಲೆಲ್ಲ ನನ್ನ ಕೈ ತಾನಾಗಿಯೇ ರೊಟ್ಟಿಯ ಮೇಲೆ ಅಡ್ಡ ಹೋಗುತ್ತಿತ್ತು. ಒಣ ಹಿಂಡಿ, ಒಣ ರೊಟ್ಟಿ ತಿಂದು ಏಳುತ್ತಿದ್ದೆ. ಬಾಯಿ ಮುಚ್ಚಿಕೊಂಡರೆ ಸಾಕು, ಗುಟ್ಟು ಉಳಿಯುತ್ತದೆ ಎಂದುಕೊಂಡಿದ್ದೆ. ಕೈಯ ಬಗ್ಗೆ ಯೋಚಿಸಿರಲಿಲ್ಲ. ಒಲೆಯ ಮುಂದೆ ಕೂತ ಅವ್ವ ಅದನ್ನು ವರ್ಷಗಟ್ಟಲೆ ನೋಡುತ್ತಿದ್ದಳು.

ಒಮ್ಮೆ ಅತ್ತಿಗೆಯ ತಾಯಿಗೆ ಹುಷಾರಿಲ್ಲವೆಂದು ಕೋಟನೂರಿನಿಂದ ಕರೆ ಬಂತು, ಅವಳು ತವರಿಗೆ ಹೋದಳು. ಮಧ್ಯಾಹ್ನ ನಾನು ಉಣ್ಣಲು ಬಂದಾಗ ಮನೆಯಲ್ಲಿ ಅವ್ವ ಒಬ್ಬಳೇ. ಅವಳೇ ತಾಟಿಟ್ಟಳು, ರೊಟ್ಟಿ ಹಾಕಿದಳು, ಬದನೆಕಾಯಿ ಹಾಕಿದಳು, ಹಿಂಡಿ ಹಾಕಿದಳು. ಗಿಂಡಿ ತಂದಳು. ನನ್ನ ಕೈ ಅಡ್ಡ ಹೋಯಿತು.

ಅವಳು ಹಾಗೆಯೇ ನಿಂತಳು. "ಕೈ ಯಾಕ ಅಡ್ಡ ಹಿಡಿತಿ?"

"ಪಿತ್ತ ಆಗ್ತದ."

"ಸಣ್ಣಾವಿದ್ದಾಗ ಗಿಂಡಿ ನೆಕ್ಕತಿದ್ದಿ. ಆಗ ಆಗ್ಲಾರದ ಪಿತ್ತ ಈಗ ಎಲ್ಲಿಂದ ಬಂತು?"

ಅವಳು ಗಿಂಡಿಯ ಕುತ್ತಿಗೆಯ ಮೇಲೆ ಹೆಬ್ಬೆರಳು ಒತ್ತಿದಳು. ಅದು ಅಂಟಿಕೊಂಡಿತು. ಕಿತ್ತು ತೆಗೆದು, ಬೆರಳನ್ನೇ ನೋಡುತ್ತ ಹೇಳಿದಳು.

"ದೀವಳಿಗಿ ದಿನ ಅವನ ಗಾಡಿಗಿ ನಾ ಇದೇ ಎಣ್ಣಿ ಹಾಕಿದ್ದೆ. ಒಣಗಿದ್ರ ಇದು ಹಿಂಗ ಹಿಡ್ಕೋತದ. ಅದರಾಗೂ ಹಿಡ್ಕೊಂಡಿತ್ತೇನು?"

"ಇಲ್ಲ."

"ನನ್ ಮಾರಿ ನೋಡಿ ಹೇಳು."

ನೋಡಿದೆ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿ ಬಹಳ ದಿನಗಳಾಗಿದ್ದವು. ಮುದುಕಿಯಾಗಿಬಿಟ್ಟಿದ್ದಳು. ಊರ ತುಂಬ ಕೂಗಿ ನಿರಾಕರಿಸಿದ್ದ ಮಾತು ಆಗ ನನ್ನ ಬಾಯಿಂದ ಸಲೀಸಾಗಿ ಬಂತು.

"ಇಲ್ಲವ್ವ. ನಾನೇ ಒಂದು ನಟ್ಟು ಬಿಗಿ ಮಾಡಿದ್ದಿಲ್ಲ."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಒಲೆಯ ಮೇಲೆ ಹೆಂಚು ಕಾಯ್ದು ಹೊಗೆ ಏಳುತ್ತಿತ್ತು, ಅದರ ಕಡೆ ತಿರುಗಲಿಲ್ಲ.

"ಹಂಗಾರ ಕೈ ತಗಿ," ಅಂದಳು.

ಕೈ ತೆಗೆದೆ. ಅವಳು ಗಿಂಡಿ ಬಗ್ಗಿಸಿದಳು. ಹಿಂಡಿ ಮುಳುಗಿತು, ರೊಟ್ಟಿ ಮುಳುಗಿತು, ತಾಟಿನ ಅಂಚಿನವರೆಗೆ ಎಣ್ಣೆ ಬಂತು. "ಉಣ್ಣು," ಅಂದಳು. ನಾನು ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟೆ. ಅಗಿಯದೆ ನುಂಗಿದೆ. ಇನ್ನೊಂದು ತುತ್ತು. ಅವಳು ಗಿಂಡಿ ಹಿಡಿದುಕೊಂಡೇ, ನನ್ನ ಬಾಯಿ ನೋಡುತ್ತ ನಿಂತಿದ್ದಳು. ಒಂದು ತುತ್ತು ತಪ್ಪಿದರೂ ಅವಳಿಗೆ ತಿಳಿದುಬಿಡುತ್ತದೆ ಎಂದು ನನಗೆ ಗೊತ್ತಿತ್ತು. ತಾಟು ಒರೆಸಿದ ಹಾಗೆ ಉಂಡೆ.

ನಂಬಿದಳೋ ಇಲ್ಲವೋ ಹೇಳಲಾರೆ. ಅವಳು ಇನ್ನೊಂದು ರೊಟ್ಟಿ ಹಾಕಿ ಗಿಂಡಿ ಬಗ್ಗಿಸಿದಳು. ನಾನು ಕೈ ಅಡ್ಡ ಹಿಡಿಯಲಿಲ್ಲ.